ಬದುಕಿರುವವರ ಸಾಲು

"ಮೆತ್ತಗೆ ಒತ್ತೇ ವಾಸಿಲಿಕಿ, ಗಾರೆ ಮೆತ್ತೋ ಕೆಲಸ ಅಲ್ಲ ಅದು," ಎಂದಳು ಪೊಲಿಕ್ಸೇನಿ ಚಿಕ್ಕಮ್ಮ.

ವಾಸಿಲಿಕಿ ಕೈ ಹಗುರ ಮಾಡಿದಳು. ಅಂತ್ಯಕ್ರಿಯೆಗೆ ಬಂದವರಿಗೆ ಹಂಚಲು ತಟ್ಟೆಯಲ್ಲಿ ಬೇಯಿಸಿದ ಗೋಧಿ, ಅದರ ಮೇಲೆ ಸಕ್ಕರೆ ಪುಡಿ. ಕಾಗದವಿಟ್ಟು ನುಣ್ಣಗೆ ಒತ್ತಿ, ಸತ್ತವರ ಹೆಸರಿನ ಮೊದಲಕ್ಷರವನ್ನು ಬಾದಾಮಿಯಲ್ಲಿ ಜೋಡಿಸಬೇಕು. ಪಕ್ಕದ ಕೋಣೆಯಲ್ಲಿ ಅಮ್ಮ ಗರಿಫಲಿಯಾ ಶವಪೆಟ್ಟಿಗೆಯಲ್ಲಿ ಮಲಗಿದ್ದಳು. ಎಪ್ಪತ್ತೆಂಟು ವರ್ಷ ಬಾಳಿದ್ದಿಷ್ಟು: ಆಲಿವ್ ತೋಟ, ಆರು ಆಡು, ವಾರಕ್ಕೊಮ್ಮೆ ಚರ್ಚಿಗೆ ತನ್ನ ಕೈಯ ರೊಟ್ಟಿ. ಮೊನ್ನೆ ಸಂಜೆ ಆಡುಗಳಿಗೆ ನೀರಿಟ್ಟು ಬಂದು ಕೂತವಳು ಏಳಲಿಲ್ಲ.

ಚಿಕ್ಕಮ್ಮ ದನಿ ತಗ್ಗಿಸಿದಳು. "ಮಗೂನ ಚರ್ಚಿಗೆ ಕರ್ಕೊಂಡು ಬರ್ತೀಯೇನೇ? ಜ್ಞಾನಸ್ನಾನ ಬೇರೆ ಆಗಿಲ್ಲ. ದನಾಯಿ ಜೊತೆ ಕಾರಲ್ಲೇ ಇರಲಿ ಬಿಡು."

"ಅಮ್ಮನ ಮೊಮ್ಮಗಳು ಅವಳು, ಚಿಕ್ಕಮ್ಮ."

"ನಂಗೇನು ಹೇಳ್ತೀಯ? ಒಳಗೆ ಮಲಗಿದಾಳಲ್ಲ, ಅವಳು ಅಂದಿದ್ಳಾ ಹಾಗಂತ ಒಂದಿನ?"

ವಾಸಿಲಿಕಿ ಕಿಟಕಿಯತ್ತ ತಿರುಗಿದಳು. ಅಂಗಳದ ಅಂಜೂರದ ಮರದ ಕೆಳಗೆ ಅವಳ ಸಂಗಾತಿ ದನಾಯಿ ಮಗಳ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು. ಅಥೆನ್ಸಿನಿಂದ ಬರುವ ದಾರಿಯುದ್ದಕ್ಕೂ ಹುಡುಗಿ ಕೇಳಿದ್ದು ಒಂದೇ: "ಅಜ್ಜಿಗೆ ನಾನು ಗೊತ್ತಿದ್ನಾ?" ಇಬ್ಬರು ತಾಯಂದಿರೂ ರಸ್ತೆ ನೋಡಿದ್ದರು.

*

ಏಳು ವರ್ಷದ ಹಿಂದೆ ವಾಸಿಲಿಕಿ ಆಸ್ಪತ್ರೆಯಿಂದ ಫೋನ್ ಮಾಡಿದ್ದಳು. ಮೂರು ಸಲ ಕೈಕೊಟ್ಟ ಚಿಕಿತ್ಸೆ ನಾಲ್ಕನೆಯ ಸಲ ಫಲಿಸಿ, ಹೆಸರೂ ಗೊತ್ತಿಲ್ಲದ ದಾನಿಯೊಬ್ಬನ ವೀರ್ಯದಿಂದ ದನಾಯಿ ಹೆತ್ತ ಕೂಸು.

"ಅಮ್ಮ, ಹೆಣ್ಣು. ನಿನ್ನ ಹೆಸರೇ ಇಟ್ಟಿದೀವಿ."

ಊರಲ್ಲಿ ಎಲ್ಲರೂ ಮಾಡುವುದು ಅದನ್ನೇ. ಅಮ್ಮ ಕರಗುತ್ತಾಳೆ ಎಂದುಕೊಂಡಿದ್ದಳು.

ಆ ಕಡೆಯಿಂದ ಅಮ್ಮನ ದನಿ: "ಹೆತ್ತೋಳು ಅವಳು. ಅಪ್ಪ ಯಾವನೋ. ನಡುವೆ ನನ್ನ ಹೆಸರು ಯಾಕೆ? ಒಂದ್ಮಾತು ಕೇಳಿದ್ಯಾ ನನ್ನ?"

"ಬೇಡಾಂದ್ರೆ ಬಿಡು. ಇನ್ನು ಅವಳ ಸುದ್ದಿ ನಿನ್ನ ಹತ್ರ ಎತ್ತಲ್ಲ."

ಎತ್ತಲೂ ಇಲ್ಲ. ಪ್ರತಿ ಡಿಸೆಂಬರಿನಲ್ಲಿ ಬಸ್ಸಿನ ಮೇಲೆ ಅಮ್ಮನ ತೋಟದ ಎಣ್ಣೆ ಡಬ್ಬಿ ಬರುತ್ತಿತ್ತು. ಜೊತೆಗೆ ಒಂದು ಚೀಟಿಯೂ ಇರುತ್ತಿರಲಿಲ್ಲ. ತಲುಪಿತು ಎಂದು ವಾಸಿಲಿಕಿಯೂ ಫೋನ್ ಮಾಡಲಿಲ್ಲ. ಆ ಎಣ್ಣೆಯಲ್ಲೇ ರೊಟ್ಟಿ ಅದ್ದಿಕೊಂಡು ತಿಂದು ಮಗು ನಡೆದಳು, ಮಾತು ಕಲಿತಳು, ಮುಂದಿನ ಹಲ್ಲು ಉದುರಿಸಿಕೊಂಡು ಶಾಲೆಗೆ ಹೋದಳು.

*

ಪಾದ್ರಿ ಸ್ತ್ರಾತಿಸ್ ಪೆಟ್ಟಿಗೆಯ ಬಳಿ ಪ್ರಾರ್ಥನೆ ಮುಗಿಸಿ ಅಡುಗೆಮನೆಗೆ ಬಂದರು. "ಈ ವಾರದ ರೊಟ್ಟಿ ಮಾಡಿಟ್ಟಿದ್ಳೇನು?"

ಚಿಕ್ಕಮ್ಮ ಬಟ್ಟೆಗಂಟು ಕೊಟ್ಟಳು. ರೊಟ್ಟಿಯ ಮೇಲೆ ಎಂದಿನ ಚೀಟಿ: ಭಾನುವಾರ ಪಾದ್ರಿ ಓದಬೇಕಾದ ಹೆಸರುಗಳು, ಎಡಕ್ಕೆ ಬದುಕಿರುವವರದು, ಬಲಕ್ಕೆ ಸತ್ತವರದು. ಪಾದ್ರಿ ಕನ್ನಡಕ ಏರಿಸಿದರು.

"ನೋಡಿ, ಈ ಸಲಾನೂ! ಎಡಗಡೇಲಿ ಮೇಲೊಂದ್ಸಲ ಗರಿಫಲಿಯಾ, ಕೆಳಗೆ ಇನ್ನೊಂದ್ಸಲ ಗರಿಫಲಿಯಾ. ಪಾಪ, ಬರೆದದ್ದು ಮರೀತಾಳೆ ಅಂತ ನಾನು ಕೆಳಗಿಂದನ್ನ ಹೊಡೆದುಹಾಕಿ ಒಂದೇ ಓದ್ತಿದ್ದೆ. ಕೇಳಿದೆ ಕೂಡ, ನಿನ್ನ ಹೆಸರು ಒಂದ್ಸಲ ಅಂದ್ರೆ ದೇವರಿಗೆ ಕೇಳಿಸಲ್ವೇನಮ್ಮಾ ಅಂತ. ಬೆರಳಿನ ಹಿಟ್ಟು ಉಜ್ತಾ ನಿಂತ್ಳು."

"ಎಷ್ಟು ವರ್ಷದಿಂದ ಗುರುಗಳೇ?" ವಾಸಿಲಿಕಿ ತಟ್ಟೆ ಬಿಟ್ಟು ಹತ್ತಿರ ಬಂದಳು.

"ಆಗಿರಬೇಕು, ಆರೇಳು."

ಚಿಕ್ಕಮ್ಮನ ಕೈಯ ಬಾದಾಮಿ ಕೈಯಲ್ಲೇ ಉಳಿಯಿತು. "ಅಯ್ಯೋ ಕಳ್ಳಿ! ಜ್ಞಾನಸ್ನಾನ ಆಗದ ಮಗು ಹೆಸರು ಓದಲ್ಲ ಅಂದುಬಿಡ್ತೀರಿ ಅಂತ ಬಾಯೇ ಬಿಡಲಿಲ್ಲ ನೋಡಿ."

"ಯಾವ ಮಗು?" ಎಂದ ಪಾದ್ರಿ ಕಿಟಕಿಯಾಚೆ ನೋಡಿದರು. ನೋಡಿ, ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತರು. "ಹಾಗಾದ್ರೆ ನಾನು ಪ್ರತಿ ವಾರ ಹೊಡೆದುಹಾಕಿದ್ದು..."

ಅಷ್ಟರಲ್ಲಿ ಹುಡುಗಿ ಬಾಗಿಲಿಗೆ ಬಂದು, ಚೀಟಿಯ ಮೇಲೆ ಬಗ್ಗಿದಳು.

"ನನ್ನ ಹೆಸರು! ಎರಡಿದೆ. ನಾನು ಯಾವುದು?"

ಮೇಲಿನದು ಅವಸರದ ಬರಹ, ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು. ಕೆಳಗಿನದರ ಒಂದೊಂದು ಅಕ್ಷರವೂ ಬಿಡಿಬಿಡಿ, ಕಾಪಿ ಪುಸ್ತಕದಲ್ಲಿ ಬರೆದಂತೆ ದುಂಡಗೆ. ವಾಸಿಲಿಕಿ ಅದರ ಮೇಲೆ ಬೆರಳಿಟ್ಟಳು.

ಚಿಕ್ಕಮ್ಮ ಅಂಗಿಯ ತೋಳಿನಿಂದ ಮೂಗೊರೆಸಿಕೊಂಡಳು. "ದನಾಯೀ, ಮಗೂಗೆ ಬೂಟು ಹಾಕೇ. ನನ್ನ ಜೊತೆ ಮುಂದೆ ನಡೀಲಿ."

ಪಾದ್ರಿ ಪೆನ್ನು ತೆಗೆದರು. ರೂಢಿಯ ಕೈ ಕೆಳಗಿನ ಹೆಸರಿನ ಮೇಲೆ ಹೋಗಿ ನಿಂತಿತು. ಮೆಲ್ಲಗೆ ಮೇಲಕ್ಕೆ ಸರಿದು, ಮೊದಲನೆಯದನ್ನು ಹೊಡೆದು, ಅದನ್ನು ಬಲಗಡೆ ಸತ್ತವರ ಸಾಲಿನ ಕೊನೆಯಲ್ಲಿ ಬರೆಯಿತು. ಎಡಗಡೆ ಉಳಿದದ್ದು ಪೊಲಿಕ್ಸೇನಿ, ವಾಸಿಲಿಕಿ. ಅದರ ಕೆಳಗೆ, ಒಣಗಿದ ಹಿಟ್ಟಿನ ಬೆರಳಚ್ಚಿನ ಪಕ್ಕದಲ್ಲಿ, ಗರಿಫಲಿಯಾ.