ಮೂಲೆಗೆ ಮಡಚಿದ ರಿಂಗು

ಹೈದರಾಬಾದಿನ ಕೊಂಡಾಪುರದ ಆ ಏಳಂತಸ್ತಿನ ಅಪಾರ್ಟ್‌ಮೆಂಟಿನ ಪಿಲ್ಲರುಗಳಿಗೆ ಕಬ್ಬಿಣ ಕಟ್ಟಿದವನು ಆಳಂದ ಕಡೆಯ ವೈಜನಾಥ. ತೊಂಬತ್ತಮೂರರ ಭೂಕಂಪದಲ್ಲಿ ಊರಿನ ಕಲ್ಲುಮನೆ ಅವನ ತಾಯಿಯ ಮೇಲೆ ಕುಸಿದಿತ್ತು. ಸಿಮೆಂಟಿನ ಮನೆ ಬೀಳುವುದಿಲ್ಲ ಎಂದು ನಂಬಿಯೇ ಹೈದರಾಬಾದಿಗೆ ಬಂದು ಈ ಕೆಲಸ ಕಲಿತ. ಹನ್ನೊಂದು ವರ್ಷ ಆ ನಂಬಿಕೆಯನ್ನು ಯಾರೂ ಅಲುಗಿಸಿರಲಿಲ್ಲ.

ಅಲುಗಿಸಿದವಳು ಕೋಕಿಲಾ, ಸೈಟಿಗೆ ಹೊಸದಾಗಿ ಬಂದ ಮೈಸೂರಿನ ಇಂಜಿನಿಯರು. ಪಿಲ್ಲರಿನ ಸರಳುಗಳನ್ನು ಸುತ್ತಿ ಬಿಗಿಯುವ ರಿಂಗೊಂದನ್ನು ಎತ್ತಿ ಹಿಡಿದು, "ವೈಜನಾಥಣ್ಣ, ತುದಿಗಳನ್ನ ಬರೀ ಮೂಲೆಗೆ ಮಡಚಿದ್ರೆ ಸಾಲದು, ಪಿಲ್ಲರಿನ ಹೊಟ್ಟೆಯೊಳಕ್ಕೆ ಮಡಚಬೇಕು. ಇಲ್ಲದಿದ್ರೆ ಭೂಮಿ ನಡುಗಿದಾಗ ರಿಂಗು ಬಿಚ್ಚಿಕೊಳ್ಳತ್ತೆ, ಪಿಲ್ಲರ್ ಕುಸಿಯತ್ತೆ. ನಿಯಮಾನೇ ಹಾಗಿದೆ," ಎಂದಳು.

ನಿಯಮಕ್ಕೇನು, ಈ ಊರಿನಲ್ಲಿ ಬರವೇ? ಬರ ಇದ್ದದ್ದು ಪಾಲಿಸುವವರಿಗೆ. ವೈಜನಾಥ ಎರಡು ದಿನ ಅವಳು ಹೇಳಿದಂತೆಯೇ ಮಡಚಿದ. ಕೆಲಸ ಅರ್ಧಕ್ಕಿಳಿಯಿತು. ಮೇಸ್ತ್ರಿ ಸೂಗಪ್ಪ ಉರಿದುಬಿದ್ದ.

"ಗೇಟಿನ ಮುಂದಿನ ನಾಕು ಪಿಲ್ಲರ್ ಅಕ್ಕೋರು ಹೇಳಿದಂಗ ಮಾಡು. ತಪಾಸಣೆ ಸಾಹೇಬ್ರು ಬಂದ್ರ ಅವನ್ನಷ್ಟ ನೋಡಿ ಹೋಗ್ತಾರ. ಉಳಿದದ್ದು ಮೊದಲಿನಂಗ. ಆಗೂದಿಲ್ಲಂದ್ರ ಹೇಳು, ಅಡ್ಡಾದಾಗ ಕೂಲಿಗೆ ಕಾಯ್ಕೊಂಡು ಮಂದಿ ಭಾಳ ನಿಂತಾರ."

ವೈಜನಾಥ ಮೊದಲಿನಂತೆಯೇ ಮಡಚಿದ. ಕೋಕಿಲಾ ಜಗಳವಾಡಿದಳು, ಅವಳನ್ನು ಬೇರೆ ಸೈಟಿಗೆ ಕಳಿಸಿದರು. ಕಾಂಕ್ರೀಟು ಬಿದ್ದ ಮೇಲೆ ಒಳಗಿನದು ಯಾರಿಗೆ ಕಾಣಬೇಕು?

ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನು ಅಪ್ಪ, ಉಣ್ಣುವ ಪಾಳಿ ಮಗಳಿಗೆ ಬಂತು. ಕಟ್ಟಡ ಮುಗಿದ ಮೇಲೆ ಅಳಿಯ ಬಸುಗೆ ಅದೇ ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ಕೆಲಸ ಸಿಕ್ಕಿತು. ಇರಲಿಕ್ಕೆ ಒಂದು ಖೋಲಿ ಕೊಟ್ಟರು, ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ, ಒಳಸಾಲಿನ ಪಿಲ್ಲರುಗಳ ನಡುವೆ. ಸುದ್ದಿ ತಿಳಿದು ವೈಜನಾಥ ಓಡಿಬಂದಾಗ ಮಗಳು ಸುವರ್ಣಾ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು, ಟ್ರಂಕು ಇಳಿಸಿ ನಿಂತಿದ್ದಳು.

"ಇಲ್ಲಿ ಇರಬ್ಯಾಡ ಅವ್ವಾ," ಎಂದ. ಯಾಕೆ ಎಂದು ಅವಳು ಕೇಳಿದಳು. ನಾಚಿಕೆ ನುಂಗಿಕೊಂಡು ರಿಂಗಿನ ಸಂಗತಿಯನ್ನೆಲ್ಲ ಹೇಳಿದ.

ಸುವರ್ಣಾ ಸಿಟ್ಟಾಗಲಿಲ್ಲ. ಬೈದಿದ್ದರೆ ಅವನ ಎದೆ ಎಷ್ಟೋ ಹಗುರಾಗುತ್ತಿತ್ತು.

"ಆತು ಬಿಡಪಾ. ಊರ ತುಂಬ ಕಟ್ಟೀದಿ. ಅದರಾಗ ನೀ ನೆಟ್ಟಗ ಕಟ್ಟಿದ್ದು ಯಾವುದೈತಿ ಹೇಳು. ಅಲ್ಲೇ ಕೆಲಸ ಕೇಳೂಣು."

ವೈಜನಾಥ ನೆನೆದ. ಮಲ್ಕಾಜ್‌ಗಿರಿಯ ಮೂರು ಬಿಲ್ಡಿಂಗು, ಅಬಿಡ್ಸ್‌ನ ಅಂಗಡಿಗಳು, ಇಲ್ಲಿಯವು ಐದಾರು. ಎಲ್ಲೆಲ್ಲೂ ಅವನದೇ ಕೈ, ಎಲ್ಲೆಲ್ಲೂ ಮೂಲೆಗೆ ಮಡಚಿದ್ದೇ.

ಅವಳು ಕಾಯುತ್ತಲೇ ಇದ್ದಳು. ಅವನು ಬಗ್ಗಿ, ಟ್ರಂಕು ಎತ್ತಿ, ತಾನೇ ಖೋಲಿಯೊಳಗೆ ಇಟ್ಟ.