ಬೆನ್ನು ಮುಂದಾಗಿ

"ಕಾಲು ಇನ್ನೂ ಸ್ವಲ್ಪ ಮೇಲಿಡಿ ಅಜ್ಜ, ಇನ್ನೊಂದೇ ಮೆಟ್ಟಿಲು," ಎಂದು ಮೆಕ್ಯಾನಿಕ್ ಹುಡುಗಿ ಕೆಳಗಿನಿಂದ ಅಪ್ಪನಿಗೆ ಹೆಗಲು ಕೊಟ್ಟಳು. ಅಪ್ಪನ ತಲೆ, ಎದೆ ಆಗಲೇ ವಿಮಾನದ ಹೊಟ್ಟೆಯೊಳಗೆ ಹೋಗಿದ್ದವು. ಹೊರಗೆ ಉಳಿದದ್ದು ಎರಡು ಕಾಲು. ಅದರಲ್ಲೊಂದು ಗಾಳಿಯಲ್ಲಿ ಏಣಿ ಹುಡುಕುತ್ತಿತ್ತು.

"ಮೊದಲೆಲ್ಲ ಓಡಿ ಹತ್ತುತ್ತಿದ್ದ," ಎಂದರು ನನ್ನ ಪಕ್ಕದಲ್ಲಿ ನಿಂತಿದ್ದ, ಅಪ್ಪನ ಹಳೆಯ ತಂಡದ ಕ್ಯಾಪ್ಟನ್. ಆಮೇಲೆ ದನಿ ಎತ್ತರಿಸಿ, "ಏನಯ್ಯ ಬಾವಲಿ, ಹೊಟ್ಟೆ ಬಂದುಬಿಡ್ತಾ?"

"ನನ್ನ ಹೊಟ್ಟೆ ಸರಿಯಾಗೇ ಇದೆ. ನಿಮ್ಮ ಬಾಗಿಲು ಕುಗ್ಗಿದೆ," ಎಂದಿತು ಒಳಗಿನಿಂದ ಅಪ್ಪನ ದನಿ. ಕಾಲುಗಳೂ ಮಾಯವಾದವು.

ಅಪ್ಪ ಬಾವಲಿ ಆದದ್ದು ಈ ಹೊಟ್ಟೆಯಲ್ಲೇ. ಬಾಂಬರಿನ ಮುಂಭಾಗದಲ್ಲಿ ಇಬ್ಬರು ಪೈಲಟ್‌ಗಳು, ಅವರಿಗೆ ಗಾಜು, ಆಕಾಶ. ಅವರ ಹಿಂದೆ, ಒಂದಾಳು ಕೆಳಗೆ, ಕಿಟಕಿಯೇ ಇಲ್ಲದ ಗೂಡಿನಲ್ಲಿ, ವಿಮಾನ ಹೋಗುವ ದಿಕ್ಕಿಗೆ ಬೆನ್ನು ಹಾಕಿ ಕೂರುವವನು ದಾರಿ ಹೇಳುವ ನ್ಯಾವಿಗೇಟರ್. ಪುಟ್ಟ ದೀಪ, ನಕಾಶೆ, ಗಡಿಯಾರ, ಇಷ್ಟೇ ಅವನ ಲೋಕ. ಅಪ್ಪನಿಗೆ ಈಗಲೂ ರೈಲಿನಲ್ಲಿ ಹಿಮ್ಮುಖದ ಸೀಟೇ ಆಗಬೇಕು. ಮುಂದೆ ನೋಡಿ ಕೂತರೆ ತಲೆ ಸುತ್ತುತ್ತದಂತೆ.

ಯುದ್ಧಕ್ಕೆಂದು ಕಟ್ಟಿದ ವಿಮಾನಗಳು ಅವು. ಯುದ್ಧ ಬರಲಿಲ್ಲ, ಅವಕ್ಕಿಂತ ಚುರುಕಾದ ವಿಮಾನಗಳು ಬಂದವು. ನಿವೃತ್ತಿಯಾದವುಗಳಲ್ಲಿ ನಾಲ್ಕನ್ನು ಗುಜರಿಗೆ ಹಾಕದೆ, ಹೊಟ್ಟೆಗೆ ಬಿಳಿ ಬಣ್ಣ ಬಳಿದು, ವಾಯುಪಡೆ ಒಂದು ಪ್ರದರ್ಶನ ತಂಡ ಕಟ್ಟಿತು. ಬಾಂಬ್ ತೂಗುತ್ತಿದ್ದ ಜಾಗದಲ್ಲಿ ಸೂಟ್‌ಕೇಸುಗಳು, ಇಸ್ತ್ರಿ ಮಾಡಿದ ಅಂಗಿಗಳು. ಊರೂರು ಸುತ್ತಿ, ರೆಕ್ಕೆಗೆ ರೆಕ್ಕೆ ತಾಗಿಯೇಬಿಟ್ಟಿತು ಎನ್ನುವಷ್ಟು ಹತ್ತಿರದಲ್ಲಿ ನಾಲ್ಕೂ ಜನರ ತಲೆಯ ಮೇಲೆ ಹಾದುಹೋಗುತ್ತಿದ್ದವು. ಜನ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಅಪ್ಪ ಗಡಿಯಾರದ ಮುಳ್ಳು ನೋಡುತ್ತಿದ್ದ. ತನ್ನ ತಂಡ ಹಾರುವುದನ್ನು ಅವನು ಒಮ್ಮೆಯೂ ಕಂಡವನಲ್ಲ.

ಅವನ ಪಾಲಿನದನ್ನೂ ಅಮ್ಮನೇ ನೋಡುತ್ತಿದ್ದಳು. ಸಂಜೆ ಊಟದ ಮೇಜಿನ ಮೇಲೆ ನಾಲ್ಕು ಚಮಚ ಜೋಡಿಸಿ ಕೂರುತ್ತಿದ್ದಳು.

"ಮೊದಲು ಸದ್ದೇ ಇಲ್ಲ. ಆಮೇಲೆ ನೆಲದಿಂದಲೇ ಎದ್ದ ಹಾಗೆ ಬಂದ್ರಿ. ಇಲ್ಲಿ ನೋಡಿ, ಇಲ್ಲಿ ನಾಲ್ಕೂ ಒಟ್ಟಿಗೆ ಮಗ್ಗುಲಾದ್ವು."

"ಎಷ್ಟು ಡಿಗ್ರಿ?"

"ನನಗೇನು ಗೊತ್ತು ಡಿಗ್ರಿ? ಎದೆ ಝಲ್ ಅಂತು."

"ಝಲ್ ಅಂದ್ರೆ ಅರವತ್ತು," ಎಂದು ಅಪ್ಪ ತಲೆಯಾಡಿಸುತ್ತಿದ್ದ. ಚಮಚಗಳನ್ನು ಮಾತ್ರ ಊಟ ಆರುವ ತನಕ ನೋಡುತ್ತಿದ್ದ.

ತಂಡ ಮುಚ್ಚುವುದೆಂದು ತೀರ್ಮಾನವಾದಾಗ ಕೊನೆಯ ಪ್ರದರ್ಶನ ನಮ್ಮೂರಲ್ಲೇ ಇತ್ತು. ಅಮ್ಮ ನನಗೆ ಹೊಸ ಬೂಟು ತೊಡಿಸಿ ಮೈದಾನಕ್ಕೆ ಕರೆದೊಯ್ದಳು. ಮೋಡ ಕೆಳಗಿಳಿದಿತ್ತು. ಎಲ್ಲಕ್ಕಿಂತ ಮುಂದೆ ಹಾರುವ ವಿಮಾನ ಕ್ಯಾಪ್ಟನ್ನರದು, ದಾರಿ ಅಪ್ಪನದು. ಮಿಕ್ಕ ಮೂರೂ ವಿಮಾನ ಕಣ್ಣು ಮುಚ್ಚಿಕೊಂಡು ಹಿಂದೆ ಬರಬೇಕು. ಬೆನ್ನು ಮುಂದಾಗಿ ಕೂತ ಅಪ್ಪ, ಎಷ್ಟೋ ವರ್ಷ ತಪ್ಪದವನು, ಅವತ್ತು ಎಡದ ಗಾಳಿಯನ್ನು ಬಲದ ಗಾಳಿ ಎಂದು ಲೆಕ್ಕ ಹಾಕಿದ. ಮೋಡದಿಂದ ಇಳಿದಾಗ ಕೆಳಗೊಂದು ಹಸಿರು ಮೈದಾನ, ಸುತ್ತಲೂ ಜನ. ಇನ್ನೇನು ಬೇಕು? ನಾಲ್ಕು ಬಾಂಬರುಗಳೂ ಇಡೀ ಪ್ರದರ್ಶನವನ್ನು ನದಿಯಾಚೆಯ ಊರಿನ ಫುಟ್‌ಬಾಲ್ ಪಂದ್ಯದ ಮೇಲೆ ಮಾಡಿ ಮುಗಿಸಿದವು. ಗೋಲ್‌ಕೀಪರ್ ಬೋರಲು ಬಿದ್ದುಬಿಟ್ಟನಂತೆ, ಎದುರಿನವರು ಅದೇ ಸಮಯ ನೋಡಿ ಗೋಲು ಹೊಡೆದರಂತೆ.

ಈ ಕಡೆ ನಾವು ಕತ್ತೆತ್ತಿ ನಿಂತೇ ಇದ್ದೆವು. ಮೋಡದಾಚೆ ಎಲ್ಲೋ, ಮಹಡಿಯ ಮೇಲೆ ಯಾರೋ ಬೀರು ಎಳೆದಾಡಿದಂಥ ಸದ್ದು. ಅಷ್ಟೇ. ಇಂಧನ ತಳಕ್ಕಿಳಿದಿದ್ದರಿಂದ ಅವರು ನೇರ ಮನೆಯ ದಾರಿ ಹಿಡಿದರು.

ಆ ಸಂಜೆ ಅಮ್ಮ ಬಡಿಸಿ ಕೂತು, "ಇವತ್ತು ನೀವೇ ಹೇಳಿ, ಹೇಗಿತ್ತು?" ಎಂದಳು. ಅಪ್ಪ ಒಂದು ಚಮಚ ಎತ್ತಿ, ತಿರುಗಿಸಿ ನೋಡಿ, ಕೆಳಗಿಟ್ಟ.

ಮೂರು ವಿಮಾನಗಳನ್ನು ಕತ್ತರಿಸಿ ಮಾರಿದರು. ನಾಲ್ಕನೆಯದು ಈ ಹ್ಯಾಂಗರಿನಲ್ಲಿ ಧೂಳು ತಿನ್ನುತ್ತ ನಿಂತಿತು. ಕಳೆದ ಚಳಿಗಾಲದಲ್ಲಿ ಅಮ್ಮ ತೀರಿಹೋದಳು. ಈ ವರ್ಷ ಹಳೆಯ ತಂಡದವರು ಪಟ್ಟು ಹಿಡಿದು, ಇದನ್ನು ಒಂದೇ ಒಂದು ಸಲ ಹಾರಿಸಲು ಅನುಮತಿ ತಂದರು. ಭಾನುವಾರ, ಅದೇ ಮೈದಾನದ ಮೇಲೆ. ಅಪ್ಪನಿಗೆ ಅವನ ಹಳೆಯ ಸೀಟು ಕೊಡಿ ಎಂದು ಕ್ಯಾಪ್ಟನ್ನರ ಬೆನ್ನು ಬಿದ್ದವಳು ನಾನು. ಫೋನು ಎತ್ತಿದರೆ ಸಾಕು, "ಆಯ್ತು ಪುಟ್ಟಿ, ಆಯ್ತು," ಎನ್ನುವಷ್ಟು ಅವರನ್ನು ಸತಾಯಿಸಿದ್ದೆ. ಆ ಇಕ್ಕಟ್ಟಿನ ಗೂಡಿನಲ್ಲಿ ಹಿಡಿಸುತ್ತಾನೋ ಇಲ್ಲವೋ ನೋಡೋಣವೆಂದು ಇವತ್ತು ಕರೆತಂದಿದ್ದೆವು.

ಏಣಿ ಹತ್ತಿ ಇಣುಕಿದೆ. ಅಪ್ಪ ಸೀಟಿನ ಪಟ್ಟಿ ಬಿಗಿದುಕೊಂಡು ಕೂತಿದ್ದ. ಎದುರಿಗೆ ಬೂದು ಬಣ್ಣದ ತಗಡು. ಕೈ ತಾನಾಗಿ ದೀಪದ ಗುಂಡಿ ಹುಡುಕಿಕೊಂಡಿತು.

"ಹಿಡಿಸ್ತೀಯಪ್ಪ," ಎಂದೆ.

"ಹಿಡಿಸ್ತೀನಿ." ತಗಡನ್ನೇ ನೋಡುತ್ತ ಕೇಳಿದ, "ಅವತ್ತು ನೀವಿಬ್ರೂ ಎಲ್ಲಿ ನಿಂತಿದ್ರಿ?"

"ನೀರಿನ ಟ್ಯಾಂಕಿನ ಪಕ್ಕ. ಯಾಕೆ?"

"ಟ್ಯಾಂಕು ಇನ್ನೂ ಇದೆಯಾ?"

"ಇದೆ."

ದೀಪ ಆರಿಸಿ ಪಟ್ಟಿ ಬಿಚ್ಚಿದ. ಇಳಿಯುವಾಗ ಮೆಕ್ಯಾನಿಕ್ ಹುಡುಗಿಯ ಹೆಗಲನ್ನೂ ಕೇಳಲಿಲ್ಲ. ನೆಲಕ್ಕೆ ಕಾಲಿಟ್ಟವನೇ, "ಕ್ಯಾಪ್ಟನ್, ಭಾನುವಾರ ನದಿ ಕಡೆಯಿಂದ ಬರುತ್ತಾ?" ಎಂದ.

"ನದಿ ಕಡೆಯಿಂದಲೇ. ಈ ಸಲ ದಾರಿ ಹೇಳೋದು ಯಂತ್ರ, ಹೆದರಬೇಡ," ಎಂದು ನಕ್ಕರು ಕ್ಯಾಪ್ಟನ್.

"ಟ್ಯಾಂಕಿನ ಹತ್ರ ನಿಂತ್ರೆ ಕಾಣುತ್ತಾ?"

ಕ್ಯಾಪ್ಟನ್ನರ ನಗು ಅರ್ಧಕ್ಕೆ ನಿಂತಿತು. ಅವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ಅಪ್ಪ, ಎಷ್ಟು ಓಡಾಡಿದೀನಿ ಗೊತ್ತಾ ಇದಕ್ಕೆ?"

"ಗೊತ್ತು ಮಗಳೇ."

"ಆ ಕತ್ತಲ ಗೂಡು ಬೇಡ ಅಂದ್ರೆ ಬಿಡು," ಎಂದರು ಕ್ಯಾಪ್ಟನ್. "ಪೈಲಟ್‌ಗಳ ಮಧ್ಯೆ ಮಡಚೋ ಸೀಟಿದೆ. ನಾನು ಕೂರಬೇಕು ಅಂತ ಇಟ್ಟಿದ್ದೆ. ನೀನು ಕೂತ್ಕೋ. ಮುಂದೆ ಪೂರ್ತಿ ಗಾಜು, ಎಲ್ಲಾ ಕಾಣುತ್ತೆ."

"ವಿಮಾನ ಕಾಣುತ್ತಾ?"

"ಒಳಗೆ ಕೂತವನಿಗೆ ವಿಮಾನ ಹೇಗಯ್ಯ ಕಾಣುತ್ತೆ?"

ಅಪ್ಪ ಕತ್ತೆತ್ತಿ, ತನ್ನ ಮೇಲಿದ್ದ ಆ ಬಿಳಿ ಹೊಟ್ಟೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಬಣ್ಣ ಅಲ್ಲಲ್ಲಿ ಚಕ್ಕೆ ಎದ್ದಿತ್ತು.

ಕ್ಯಾಪ್ಟನ್ ಬೆಂಚಿನ ಮೇಲಿದ್ದ ಹಾರಾಟದ ಉಡುಪನ್ನು ತಂದು, ಮಡಿಕೆ ಬಿಡಿಸಿ, ಎರಡೂ ಕೈಯಲ್ಲಿ ಅವನ ಮುಂದೆ ಹಿಡಿದರು. "ಭಾನುವಾರ ಆದ್ಮೇಲೆ ಇದೂ ಹಾರಲ್ಲ. ಮತ್ತೆ ಕರೆಯೋಕೆ ನನ್ನ ಹತ್ರ ಏನೂ ಇರಲ್ಲ, ಬಾವಲಿ. ತಗೋ."

"ನಾನು ಬರಲ್ಲ," ಎಂದ ಅಪ್ಪ.