ಎರಡನೆಯ ಭೇಟಿ

ಹೂವಿನ ಬುಟ್ಟಿಯನ್ನು ಚಪ್ಪರದ ಕಂಬಕ್ಕೆ ಒರಗಿಸಿ ಇಡುವಷ್ಟರಲ್ಲಿ ಶಿವರಂಜಿನಿಯ ಫೋನು ಮೂರನೆಯ ಸಲ ನಡುಗಿತು. ಮಕ್ಕಳ ಹಕ್ಕಿನ ಸಂಸ್ಥೆಯ ಬೆಂಗಳೂರು ಕಚೇರಿಯ ಸುಧಾಕರ್. ಅಂಗಳದಲ್ಲಿ ಕೂತವರನ್ನು ದಾಟಿಕೊಂಡು ಅವಳು ಹುಣಸೆಮರದ ಕಡೆ ನಡೆದಳು.

"ಕಾರ್ಯ ಮುಗೀತಾ?"

"ಇಲ್ಲ ಸರ್. ಅವರ ತಂಗಿ ಮೈಸೂರಿಂದ ಬರಬೇಕು. ಇನ್ನೂ ಎರಡು ಗಂಟೆ ಆಗುತ್ತೇನೋ."

"ನೋಡು, ನಮ್ಮ ಪತ್ರಿಕೆ ಸಂಜೆ ಐದಕ್ಕೆ ಪ್ರೆಸ್ಸಿಗೆ ಹೋಗಬೇಕು. ಶಾಂತರಾಜು ಅವರಿಗೆ ಒಂದು ಪುಟ ಇಟ್ಟಿದ್ದೀನಿ. ಅವರು ಕೊನೆಗೆ ತೆಗೆದ ಫೋಟೊನೇ ಹಾಕೋಣ, ಮದುವೆ ನಿಲ್ಲಿಸಿದ ಆ ಚಂದಕವಾಡಿ ಹುಡುಗಿದು. ನಿನ್ನ ಹತ್ರ ಇದೆಯಲ್ಲ?"

"ಇದೆ. ಆದರೆ ಒಪ್ಪಿಗೆ..."

"ಅಪ್ಪ ಅಮ್ಮ ಸಹಿ ಹಾಕಿದ್ದಾರೆ. ಹಿಂದಿನಿಂದ ತೆಗೆದದ್ದು, ಮುಖಾನೇ ಕಾಣಲ್ಲ. ಇನ್ನೇನು ಬೇಕು?" ದನಿ ತಗ್ಗಿಸಿ, "ಇನ್ಮೇಲೆ ಅವರ ಕುರ್ಚಿ ನಿಂದೇ ಅಂದ್ಕೋ. ಮೇಲಿನವರ ಹತ್ರ ಮಾತಾಡಿದ್ದೀನಿ" ಎಂದರು.

ಹದಿನೈದು ದಿನದ ಹಿಂದೆ ಈ ಮಾತು ಕೇಳಿದ್ದರೆ ಅವಳು ತಾಯಿಗೆ ಫೋನು ಮಾಡಿ ಹೇಳುತ್ತಿದ್ದಳು. ಈಗ ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಬಂದು ಹೆಂಗಸರ ನಡುವೆ ಕೂತಳು, ಎದ್ದಳು, ನೀರಿನ ಕೊಡದವರೆಗೆ ಹೋಗಿ ಕುಡಿಯದೆ ವಾಪಸಾದಳು.

ಬೆಂಚಿನ ಮೇಲೆ ಶಾಂತರಾಜುವನ್ನು ಹಾರಗಳ ನಡುವೆ ಮಲಗಿಸಿದ್ದರು. ನಲವತ್ತೆಂಟು ವರ್ಷ. ತಾಯಿ ದೊಡ್ಡಮಾದಮ್ಮ ಮಗನ ಪಾದ ಒತ್ತುತ್ತ, "ಸ್ವಾಮಾರ ಬತ್ತೀನಿ ಅಂದಿದ್ದಲ್ಲಪ್ಪ, ಇನ್ನೂ ಸನ್ವಾರ ಕಣಪ್ಪ" ಎಂದು ಒಂದೇ ಮಾತನ್ನು ಹೇಳುತ್ತಿದ್ದಳು. ಚಪ್ಪರದ ಅಂಚಿನಲ್ಲಿ ಗಂಡಸರು ಬೀಡಿ ಹಚ್ಚಿದ್ದರು.

"ಅದೇನ್ ಕೆಲ್ಸ ಮಾಡ್ತಿದ್ನಲಾ ನಿನ್ ತಮ್ಮ?" ಹರವೆಯಿಂದ ಬಂದಿದ್ದ ನೆಂಟನೊಬ್ಬ ಶಾಂತರಾಜುವಿನ ಅಣ್ಣ ಪುಟ್ಟಮಾದುವನ್ನು ಕೇಳಿದ.

"ಮಕ್ಕಳ ಅಕ್ಕು ಅಂತ ಕಣ್ಲಾ. ಊರೂರ್ಗೆ ಓಗದು, ಫೋಟ ಇಡಿಯದು, ಬರಿಯದು."

"ಅದ್ಕೂ ಸಂಬ್ಳ ಕೊಟ್ಟಾರಾ?"

"ಕೊಡ್ತಿದ್ರು. ಬಸ್ಸಿಗೇ ಸರಿಯೋಯ್ತಿತ್ತು ಬುಡು. ಒಂದೂರ್ಗೆ ಎಲ್ರೂ ಒಂದ್ ಸಲ ಓದ್ರೆ ಇಂವ ಎಲ್ಡು ಸಲ ಓಗಂವ."

ಶಿವರಂಜಿನಿ ಮುಖವನ್ನು ಬೇರೆ ಕಡೆ ತಿರುಗಿಸಿದಳು.

*

ಮಂಗಳವಾರ, ಚಾಮರಾಜನಗರದ ಕಚೇರಿ. ಶಾಂತರಾಜು ಅವಳ ಮೇಜಿನ ಹತ್ತಿರ ಬಂದು, "ಗುರುವಾರ ಚಂದಕವಾಡಿಗೆ ಇನ್ನೊಂದು ಸಲ ಹೋಗಿ ಆ ಹುಡುಗೀನ ಕೇಳ್ಕೊಂಡು ಬಾಮ್ಮ" ಎಂದಿದ್ದರು.

"ಹೋದ ವಾರ ಇಬ್ಬರೂ ಹೋಗಿ ಕೇಳಿದ್ವಲ್ಲ ಸರ್. ಹೂಂ ಅಂದ್ಲು."

"ಆವತ್ತು ನನ್ನ ಕೈಲಿ ಕ್ಯಾಮೆರಾ ಇತ್ತು. ಪಕ್ಕದಲ್ಲಿ ಅವಳಪ್ಪ ನಿಂತಿದ್ದ. ಆ ಮಗು ಇನ್ನೇನು ಅಂತದೆ? ಒಂದು ವಾರ ಕಳೀಲಿ, ಒಬ್ಬಳೇ ಇದ್ದಾಗ ಕೇಳ್ಬೇಕು."

ಮೂರು ವರ್ಷದಿಂದ ಇದೇ. ಸಂತೆಮರಹಳ್ಳಿಗೆ ಎರಡು ಸಲ, ಹರವೆಗೆ ಎರಡು ಸಲ. ಬಸ್ಸಿಗೆ ಕಾದು ಕಾದು ಬೆನ್ನು ನೋಯುವ ದಿನಗಳು. ಅಷ್ಟೆಲ್ಲ ಅಲೆದ ಮೇಲೆ ಮಗು ಬೇಡ ಅಂದರೆ ಬರೆದಿದ್ದನ್ನೆಲ್ಲ ಎತ್ತಿ ಆಚೆಗಿಡಬೇಕು. ಅವಳಿಗೆ ರೇಗಿಬಿಟ್ಟಿತು.

"ನೀವು ಹಿಂಗೇ ಅಲೀತಿದ್ರೆ ನಮ್ಮ ಪತ್ರಿಕೆ ವರ್ಷಕ್ಕೊಂದು ಬರುತ್ತೆ. ನಾನು ಹೋಗಲ್ಲ ಸರ್."

ಎಲ್ಲರೂ ತಿರುಗಿ ನೋಡಿದ್ದರು. ಶಾಂತರಾಜು ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿಕೊಂಡು, "ಆಗ್ಲಿ ಬುಡು. ನಾನೇ ಹೋಯ್ತೀನಿ" ಎಂದಿದ್ದರು. ಗುರುವಾರ ಸಂಜೆ ಚಂದಕವಾಡಿಯಿಂದ ವಾಪಸು ಬಂದು ಬಸ್ಸಿಳಿದವರು ನಿಲ್ದಾಣದ ಮೆಟ್ಟಿಲ ಮೇಲೆ ಕೂತರಂತೆ. ನೀರು ಕೇಳಿದರಂತೆ. ಆಸ್ಪತ್ರೆ ತಲುಪಲಿಲ್ಲ.

*

"ಶಿವರಂಜಿನಿ, ಬಾ ಇಲ್ಲಿ."

ಶಾಂತರಾಜುವಿನ ಹೆಂಡತಿ ಭಾನು ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಅವರ ಕಪ್ಪು ಚೀಲ. "ಆಸ್ಪತ್ರೇಲಿ ಕೊಟ್ರು. ಒಳ್ಗಿರದು ಆಫೀಸಿಂದು. ತಗೊಂಡೋಗು, ನಂಗೆ ನೋಡಕ್ಕಾಗಲ್ಲ." ಚೀಲದ ಪಟ್ಟಿಯನ್ನು ಇನ್ನೂ ಬಿಡದೆ ಕೇಳಿದಳು: "ಗುರುವಾರ ನೀನೂ ಜೊತೇಲಿದ್ಯಾ?"

"ಇಲ್ಲಕ್ಕ."

ಅಷ್ಟೇ ಹೇಳಿದಳು. ಭಾನು ಪಟ್ಟಿ ಬಿಟ್ಟಳು.

ಮರದ ಬುಡದಲ್ಲಿ ಚೀಲ ಬಿಚ್ಚಿದರೆ ಕ್ಯಾಮೆರಾ, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ, ಪ್ಲಾಸ್ಟಿಕ್ ಕವರಿನೊಳಗೆ ಒಪ್ಪಿಗೆಯ ಫಾರಂ. ಕೆಳಗಿನ ಖಾಲಿ ಜಾಗದಲ್ಲಿ ಆ ಹುಡುಗಿಯ ದುಂಡಗಿನ ಅಕ್ಷರ: "ಫೋಟೊ ಬೇಡ. ಕತೆ ಬೇಕಾದರೆ ಬರೆಯಿರಿ. ನಮ್ಮೂರ ಹೆಸರು ಬೇಡ." ಅದರಡಿ ಶಾಂತರಾಜುವಿನ ಕೈಬರಹ: "ಒಬ್ಬಳೇ ಇದ್ದಾಗ ಕೇಳಿದೆ. ಶಾಲೆಯ ಹಿಂದೆ. ಗುರುವಾರ 3.10."

ಅದನ್ನು ಮತ್ತೆ ಮತ್ತೆ ಓದುತ್ತಿರುವಾಗಲೇ ಬೀದಿಯಲ್ಲಿ ಖಾಕಿ ಅಂಗಿಯ ಹೆಂಗಸೊಬ್ಬಳು ಹಾರ ಹಿಡಿದು ಬೇಗಬೇಗ ಬಂದಳು. ಬಸ್ ಕಂಡಕ್ಟರ್. ಇಪ್ಪತ್ತೈದರ ಒಳಗಿನವಳು. ಹಾರ ಹಾಕಿ ಪಾದ ಮುಟ್ಟಿದಳು. ಏಳಲಿಲ್ಲ.

"ನೀ ಯಾರ ಮಗಳವ್ವ?" ಎಂದ ಪುಟ್ಟಮಾದು.

"ಗುಂಡ್ಲುಪೇಟೆ ಕಡೆಯೋಳು ಕಣಣ್ಣ. ಸ್ಪಂದನಾ ಅಂತ. ಶಾಂತರಾಜಣ್ಣ ಓದ್ಸುದ್ರು ನನ್ನ."

ಶಿವರಂಜಿನಿಯ ಕಿವಿ ನಿಮಿರಿತು. ಸುಧಾಕರ್ ಸರ್ ಕೇಳುವುದು ಇಂಥದ್ದನ್ನೇ. ಹಾಗನ್ನಿಸಿದ್ದಕ್ಕೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆದರೂ ಸ್ಪಂದನಾ ನೆರಳಿಗೆ ಬಂದಾಗ ಬಾಯಿ ಕೇಳಿಯೇಬಿಟ್ಟಿತು: "ನಾನು ಸಾರ್ ಆಫೀಸಿನವಳು. ನಿಮ್ಮದೊಂದು ಫೋಟೊ..."

"ಬ್ಯಾಡಿ ಮೇಡಂ." ಸಿಟ್ಟೇನೂ ಇರಲಿಲ್ಲ. ಪಕ್ಕದ ಕಲ್ಲಿನ ಮೇಲೆ ಕೂತು ಟೋಪಿಯಿಂದ ಗಾಳಿ ಬೀಸಿಕೊಂಡಳು. "ಒಂದ್ ಸಲ ಬಂದದೆ ನನ್ ಫೋಟ. ಒಂಬತ್ನೇ ಕ್ಲಾಸಲ್ಲಿ, ಮದ್ವೆ ನಿಲ್ಸುದ್ರಲ್ಲ, ಆವಾಗ. ಅಣ್ಣನೇ ತಗ್ದಿದ್ದು, ಹಿಂದ್ಗಡೆಯಿಂದ. ಹೆಸ್ರೂ ಬದ್ಲಾಯ್ಸಿದ್ರು. ಆದ್ರೆ ನಮ್ಮನೆ ಬಾಗ್ಲು ಹಸ್ರು ಬಣ್ಣ, ಒಂದು ಹಲ್ಗೆ ಮುರ್ದಿತ್ತು. ಅಂತ ಬಾಗ್ಲು ಊರಲ್ಲಿ ಇನ್ನೊಂದಿಲ್ಲ."

"ಆಮೇಲೆ?"

"ಹುಡುಗ್ರು ಆ ಪುಟ ಹರ್ದು ನನ್ ಬೆಂಚಿಗೆ ಅಂಟ್ಸುದ್ರು. ಇಸ್ಕೂಲ್ ಬುಟ್ಟೆ. ಅಣ್ಣಂಗೆ ಹೆಂಗೋ ಗೊತ್ತಾಯ್ತು, ಬಂದ್ರು. ನಮ್ಮಪ್ಪ ಮೂರ್ ಸಲ ಓಡ್ಸುದ್ರು, ನಾಕ್ನೇ ಸಲನೂ ಬಂದ್ರು. ತಪ್ಪು ನಂದು ಕಣವ್ವ, ಅಂದ್ರು ನನ್ ಹತ್ರ. ದೊಡ್ಡೋರು ಯಾರೂ ನಂಗೆ ಹಂಗ್ ಅಂದಿರ್ಲಿಲ್ಲ. ಚಾಮ್ರಾಜ್‌ನಗರ್ದಲ್ಲಿ ಹಾಸ್ಟೆಲ್ ಸೀಟು ಕೊಡ್ಸುದ್ರು. ಎಲ್ಡು ವರ್ಷ, ಹದಿನೈದು ದಿನಕ್ಕೊಂದ್ ಭಾನ್ವಾರ ಬಂದು ನೋಡ್ಕೊಂಡೋಗರು."

"ಇದನ್ನ ನಮಗ್ಯಾರಿಗೂ ಹೇಳಿಲ್ಲ."

"ಹೇಳಂತದು ಅಲ್ವಲ್ಲ ಮೇಡಂ. ಎಸ್ಸೆಲ್ಸಿ ಪಾಸಾದ್ ದಿನ ನಾನೇ, ಅಣ್ಣ ಈಗ ತಗೀರಿ ಫೋಟ ಅಂದೆ. ಮುಂದಿನ್ವಾರನೂ ಹಿಂಗೇ ಅನ್ನುಸುದ್ರೆ ತಗಿತೀನಿ ಅಂದ್ರು." ಅವಳು ಮೂಗೊರೆಸಿಕೊಂಡಳು. "ಮುಂದಿನ್ವಾರ ನಂಗೆ ಬ್ಯಾಡ ಅನ್ನುಸ್ತು. ಅವರು ಮತ್ತೆ ಕೇಳ್ಲೇ ಇಲ್ಲ."

ಆಟೊ ಒಂದು ಬಂದು ನಿಂತಿತು. ಒಳಗಿನಿಂದ ಮೈಸೂರಿನ ತಂಗಿಯ ಅಳು ಕೇಳಿಸಿತು. ಗಂಡಸರು ಎದ್ದರು. ಶಿವರಂಜಿನಿ ಜನರನ್ನು ಸರಿಸಿಕೊಂಡು ಭಾನುವಿನ ಹತ್ತಿರ ಹೋದಳು. ಇನ್ನೂ ತಡ ಮಾಡಿದರೆ ಹೇಳಲಾಗದು ಎಂದು ಗೊತ್ತಿತ್ತು.

"ಅಕ್ಕ, ಗುರುವಾರ ನಾನು ಹೋಗಬೇಕಿತ್ತು. ಸಾರ್ ಹೇಳಿದ್ರು. ಹೋಗಲ್ಲ ಅಂದೆ. ಅದಕ್ಕೇ ಅವರು ಹೋದ್ರು."

ಭಾನು ಸೆರಗನ್ನು ತಲೆಗೆ ಎಳೆದುಕೊಂಡಳು. ತಮಟೆಯ ಸದ್ದು ಶುರುವಾಯಿತು.

"ಬಿಸ್ಲಲ್ಲಿ ನಿಂತ್ಕಬೇಡ" ಎಂದಳು. "ಈ ಕಡೆ ಬಾ."

*

ಹೊಲದ ಅಂಚಿನಲ್ಲಿ ಗುಂಡಿ ತೋಡಿದ್ದರು. ಹಿಂದಿನ ದಿನ ಹದವಾಗಿ ಮಳೆ ಬಂದಿದ್ದರಿಂದ ಕೆಂಪು ಮಣ್ಣು ಅಂಟಂಟಾಗಿತ್ತು. ಇಳಿಸಿ, ಉಪ್ಪು ಚೆಲ್ಲಿದರು. ಒಬ್ಬೊಬ್ಬರಾಗಿ ಮೂರು ಹಿಡಿ ಹಾಕುತ್ತ ಮುಂದೆ ಸರಿದರು. ಸ್ಪಂದನಾ ಖಾಕಿ ತೋಳು ಮಡಿಸಿಕೊಂಡು ಎರಡೂ ಕೈಯಲ್ಲಿ ಬಾಚಿ ಹಾಕಿದಳು.

ನಾಲ್ಕು ಗಂಟೆಗೆ ಫೋನು ಮತ್ತೆ ನಡುಗಿತು.

"ಫೋಟೊ ಬರಲಿಲ್ಲವಲ್ಲ" ಎಂದರು ಸುಧಾಕರ್.

"ಕಳಿಸಲ್ಲ ಸರ್. ಆ ಹುಡುಗಿ ಬೇಡ ಅಂದಿದ್ದಾಳೆ. ಬರೆದುಕೊಟ್ಟಿದ್ದಾಳೆ. ನನ್ನ ಫೋನಿಂದ ಅಳಿಸಿದ್ದೀನಿ."

"ಖಾಲಿ ಪುಟ ಬಿಡ್ಲಾ?"

"ನಾನು ಬರೆದು ಕಳಿಸ್ತೀನಿ. ಸಾರ್ ಬಗ್ಗೆ. ಚಿತ್ರ ಇಲ್ಲದೆ."

"ಸರಿ. ಆ ಕುರ್ಚಿ ವಿಷಯ ಆಮೇಲೆ ನೋಡೋಣ" ಎಂದು ಇಟ್ಟರು.

ಊರಿನ ನಿಲ್ದಾಣದಲ್ಲಿ ಚಾಮರಾಜನಗರದ ಬಸ್ಸು ನಿಂತಾಗ, ಸ್ಪಂದನಾಳ ಬದಲು ಮಧ್ಯಾಹ್ನದ ಟ್ರಿಪ್ಪು ಮಾಡಿದ್ದ ಕಂಡಕ್ಟರ್ ಇಳಿದು, ಟಿಕೆಟ್ ಯಂತ್ರವನ್ನು ಅವಳ ಕೈಗಿತ್ತ. ಕೈಗಂಟಿದ ಮಣ್ಣು ತೊಳೆಯಲು ನೀರು ಹುಡುಕುವಷ್ಟರಲ್ಲಿ ಡ್ರೈವರು ಹಾರನ್ ಹೊಡೆದ. ಅವಳು ಹತ್ತಿ ಸೀಟಿ ಊದಿದಳು.

ಶಿವರಂಜಿನಿ ಆಧಾರ್ ಕಾರ್ಡು ತೋರಿಸಿದಳು. ಯಂತ್ರ ಕಿರ್ರೆಂದು ಹೆಂಗಸರ ಶೂನ್ಯ ದರದ ಟಿಕೆಟ್ಟನ್ನು ಹೊರಹಾಕಿತು. ಸ್ಪಂದನಾ ಹರಿದುಕೊಟ್ಟಳು. ಅದರ ಮೂಲೆಯಲ್ಲಿ ಹೆಬ್ಬೆರಳಿನ ಕೆಂಪು ಗುರುತು ಒದ್ದೆಯಾಗಿ ಮೂಡಿತ್ತು. ಸೊಪ್ಪಿನ ಮಂಕರಿ ಇಟ್ಟುಕೊಂಡಿದ್ದ ಮುದುಕಿಯ ಟಿಕೆಟಿನಲ್ಲೂ, ಯೂನಿಫಾರಮ್ಮಿನ ಇಬ್ಬರು ಹುಡುಗಿಯರದರಲ್ಲೂ ಅದೇ ಗುರುತು. ಬಸ್ಸು ಕುಲುಕುತ್ತಿತ್ತು. ಅವಳು ಕಂಬಿ ಹಿಡಿದು ಒಂದೊಂದೇ ಸೀಟು ದಾಟುತ್ತ, "ಟಿಕೆಟ್, ಟಿಕೆಟ್" ಎಂದು ಹಿಂದಕ್ಕೆ ನಡೆದಳು.